1983ರಲ್ಲಿ ವಿಶ್ವಕಪ್ ಬಿಟ್ಟು ಇನ್ನೇನೇನಾಯ್ತು? ಅಮ್ಮನ ಹುಟ್ಟುಹಬ್ಬಕ್ಕೆ ಬೇಕಿತ್ತು

ಅಕ್ಟೋಬರ್ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಹುಟ್ಟಿದ್ದು 1983ರ ಅಕ್ಟೋಬರ್ ಮೊದಲ ವಾರದಲ್ಲಿ. ಈ ಸಲ ಅವಳ ಹುಟ್ಟುಹಬ್ಬಕ್ಕೆ ಕೈಯಲ್ಲೇ ಬರೆದ ಒಂದು ಸಣ್ಣ ಪುಸ್ತಕ ಕೊಡಬೇಕು ಅಂತಿದ್ದೇನೆ. ಅವಳು ಹುಟ್ಟಿದ ವರ್ಷ ನಮ್ಮ ದೇಶದಲ್ಲಿ ಏನೇನಾಯ್ತು, ಯಾರ ಹೆಸರು ಜನರ ಬಾಯಲ್ಲಿತ್ತು ಅಂತ.

ಹುಡುಕಿದರೆ ಎಲ್ಲಿ ನೋಡಿದರೂ ಕಪಿಲ್ ದೇವ್ ಕಪ್ ಹಿಡಿದ ಫೋಟೋ. ಅಜ್ಜಿಯನ್ನು ಕೇಳಿದರೆ "ಆ ವರ್ಷ ನೀರಿಗೆ ಬಹಳ ಕಷ್ಟ ಇತ್ತು ಕಣೇ, ನಿಮ್ಮಮ್ಮನ್ನ ಹೊತ್ಕೊಂಡು ಎರಡು ಹೊಲ ದಾಟಿ ಹೋಗ್ತಿದ್ದೆ" ಅಂತಾರೆ. ಅಷ್ಟೇ. ಆಗ ದೊಡ್ಡವರಾಗಿದ್ದವರು ಯಾರಾದರೂ ಇದ್ದರೆ ನೆನಪಿರುವುದನ್ನು ಹೇಳ್ತೀರಾ? ಪಟ್ಟಿ ಬೇಡ, ಪಟ್ಟಿ ನನ್ನ ಹತ್ತಿರವೇ ಇದೆ. ಓದಿದರೆ ನಿದ್ದೆ ಬರುತ್ತೆ.

ರೇಡಿಯೋ ರಿಪೇರಿ, ಹಾಸನ:

ಮಗಳೇ, ಆಗ ನನಗೆ 24 ವರ್ಷ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಎಂಟಡಿ ಅಗಲದ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ರಿಪೇರಿ ಮಾಡಿದ ಸೆಟ್ಟನ್ನು ಎರಡು ಮೂರು ಗಂಟೆ ಓಡಿಸಿ ನೋಡಿಯೇ ವಾಪಸ್ ಕೊಡಬೇಕು. ಇಲ್ಲದಿದ್ದರೆ ಸಂಜೆಗೇ ತಿರುಗಿ ಬರುತ್ತೆ. ಹಾಗಾಗಿ ಅಂಗಡಿಯಲ್ಲಿ ಯಾವುದಾದರೂ ಒಂದು ರೇಡಿಯೋ ಮಾತಾಡುತ್ತಲೇ ಇರುತ್ತಿತ್ತು. ಆ ವರ್ಷದ ಸುದ್ದಿಯೆಲ್ಲ ನಾನು ಕೇಳಿದ್ದು ಬೇರೆಯವರ ರೇಡಿಯೋದಲ್ಲಿ. ಸ್ವಂತಕ್ಕೆ ಅಂತ ಒಂದು ಸೆಟ್ ಇರಲಿಲ್ಲ, ನಗಬೇಡ.

ಜನವರಿ ಅಂದರೆ ನನಗೆ ಒಂದು ಮರ್ಫಿ ಸೆಟ್ ನೆನಪಾಗುತ್ತೆ. ಸಕಲೇಶಪುರ ಕಡೆಯ ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಒಬ್ಬರದು. ಡಯಲ್ ದಾರ ತುಂಡಾಗಿತ್ತು. ಹೊಸ ದಾರ ಕಟ್ಟಿ ಮುಗಿಸುವ ಹೊತ್ತಿಗೆ ವಿಧಾನಸಭೆ ಚುನಾವಣೆಯ ಫಲಿತಾಂಶ ಬರೋಕೆ ಶುರುವಾಯ್ತು. 5ನೇ ತಾರೀಕು ಮತದಾನ ಆಗಿತ್ತು. ಆಗ ಚೀಟಿ ಎಣಿಸಬೇಕಲ್ಲ, ಒಂದೊಂದು ಬುಲೆಟಿನ್‌ಗೆ ಒಂದಷ್ಟು ಸೀಟು ಗೊತ್ತಾಗೋದು. ಅಂಗಡಿ ಮುಂದೆ ಮೂವತ್ತು ಜನ. ರೈಟರ್ ಬಂದವರು ಸೆಟ್ ಕೇಳಲಿಲ್ಲ, ಅಲ್ಲೇ ನಿಂತರು.

224ರಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಗುಂಡೂರಾವ್ ಸರ್ಕಾರ ಬಿತ್ತು. ನವಲಗುಂದ, ನರಗುಂದದಲ್ಲಿ 1980ರಲ್ಲಿ ರೈತರ ಮೇಲೆ ಗುಂಡು ಹಾರಿದ್ದು, ಆಮೇಲೆ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಬೀದಿಗೆ ಇಳಿದಿದ್ದು, ಎಲ್ಲ ಸೇರಿ ಹಾಗಾಯ್ತು ಅನ್ನೋದು ನನ್ನ ಲೆಕ್ಕ. ಜನವರಿ 10ಕ್ಕೆ ರಾಮಕೃಷ್ಣ ಹೆಗಡೆ ಪ್ರಮಾಣವಚನ ತಗೊಂಡರು. ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ತಮಾಷೆ ಏನು ಗೊತ್ತಾ, ಅವರು ಆಗ ಶಾಸಕರೇ ಆಗಿರಲಿಲ್ಲ! ಬಂಗಾರಪ್ಪ ಆಗಬಹುದು, ಬೊಮ್ಮಾಯಿ ಆಗಬಹುದು, ನಮ್ಮ ಜಿಲ್ಲೆಯ ದೇವೇಗೌಡರು ಆಗಬಹುದು ಅಂತ ಬೀದಿ ಬೀದಿಯಲ್ಲಿ ಪಂದ್ಯ ಕಟ್ಟಿದ್ದರು. ಯಾರೂ ಗೆಲ್ಲಲಿಲ್ಲ. ಹೆಗಡೆಯವರು ಆಮೇಲೆ ಕನಕಪುರದಲ್ಲಿ ಉಪಚುನಾವಣೆಗೆ ನಿಂತು ಗೆದ್ದರು.

ಅದರ ಹಿಂದಿನ ದಿನ, ಅಂದರೆ 9ಕ್ಕೆ, ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್. ಅವರ ತೆಲುಗು ದೇಶಂ ಹುಟ್ಟಿ ಹತ್ತು ತಿಂಗಳೂ ಆಗಿರಲಿಲ್ಲ. ಸಿನಿಮಾದಲ್ಲಿ ಕೃಷ್ಣ ಆಗಿದ್ದವರು ವ್ಯಾನ್ ಮೇಲೆ ನಿಂತು ಊರೂರು ಸುತ್ತಿ ಗೆದ್ದುಬಿಟ್ಟರು. ಇಂದಿರಾ ಗಾಂಧಿಗೆ ಇದು ಎಷ್ಟು ದೊಡ್ಡ ಪೆಟ್ಟು ಅಂತ ಈಗಿನವರಿಗೆ ತಿಳಿಯಲ್ಲ. 1977ರಲ್ಲಿ ಉತ್ತರ ಭಾರತ ಪೂರ್ತಿ ಕೈಬಿಟ್ಟಾಗ ಕರ್ನಾಟಕ 28ರಲ್ಲಿ 26 ಲೋಕಸಭಾ ಸೀಟು ಅವರ ಪಕ್ಷಕ್ಕೆ ಕೊಟ್ಟಿತ್ತು. ಮರುವರ್ಷ ಅವರು ಲೋಕಸಭೆಗೆ ಹೋಗಿದ್ದೇ ನಮ್ಮ ಪಕ್ಕದ ಚಿಕ್ಕಮಗಳೂರಿಂದ. ಅಂಥ ಮನೆಗೇ ಬೆಂಕಿ ಬಿತ್ತು.

ಉಳಿದದ್ದು ರಾತ್ರಿ ಬರೀತೀನಿ. ಮೊಮ್ಮಗನನ್ನ ಟ್ಯೂಷನ್‌ನಿಂದ ಕರ್ಕೊಂಡು ಬರಬೇಕು.

ಶಿರಸಿ ಕಡೆಯವಳು:

ಅಣ್ಣ ವಾಪಸ್ ಬರೋ ಹೊತ್ತಿಗೆ ನಮ್ಮೂರಿನದು ಒಂದು ಸೇರಿಸಿಬಿಡ್ತೇನೆ. (ಹೆಗಡೆಯವರೂ ನಮ್ಮ ಕಡೆಯವರೇ, ಸಿದ್ದಾಪುರದ ದೊಡ್ಮನೆ. ಅದೊಂದು ಜಂಬ ನಮಗೆ ಇದ್ದೇ ಇದೆ.)

1983ರ ಸೆಪ್ಟೆಂಬರ್ 8, ಶಿರಸಿ ತಾಲ್ಲೂಕಿನ ಸಾಲ್ಕಣಿ. ಅರಣ್ಯ ಇಲಾಖೆ ಗುತ್ತಿಗೆಗೆ ಕೊಟ್ಟ ಕಾಡಿಗೆ ಊರಿನ ಹುಡುಗರು, ಹೆಂಗಸರು, ಮುದುಕರು ನಡೆದುಕೊಂಡು ಹೋಗಿ ಮರಗಳನ್ನು ತಬ್ಬಿ ನಿಂತರು. ಮುಂದೆ ನಿಂತವರು ಪಾಂಡುರಂಗ ಹೆಗಡೆ. ಹಿಮಾಲಯದ ಚಿಪ್ಕೋ ಕೇಳಿರುತ್ತೀರಿ. ನಮ್ಮವರು ಅದಕ್ಕೆ ಕನ್ನಡದಲ್ಲಿ "ಅಪ್ಪಿಕೋ" ಅಂದರು. ಎಂಥ ಚೆಂದದ ಹೆಸರು ಅಲ್ವಾ? ಮಗುವಿಗೆ ಹೇಳೋ ಮಾತು.

ನಮ್ಮ ಅತ್ತೆ ಆ ಗುಂಪಿನಲ್ಲಿದ್ದರು. ಅವರು ಹೇಳೋದು ಮರದ ವಿಷಯ ಕಡಿಮೆ, ಉಂಬಳದ (ಕಾಡಿನ ಜಿಗಣೆ) ವಿಷಯ ಜಾಸ್ತಿ. ಮಳೆಗಾಲ ಮುಗಿದಿರಲಿಲ್ಲ. ಮರ ತಬ್ಬಿಕೊಂಡು ನಿಂತರೆ ಕಾಲು ಬಿಡಿಸಿ ನೋಡೋ ಹಾಗಿಲ್ಲ. ಸುಣ್ಣ, ಹೊಗೆಸೊಪ್ಪು ಕಟ್ಟಿಕೊಂಡು ಹೋಗಿದ್ದರಂತೆ. ಊರಿನವರ ಸಿಟ್ಟು ಮರ ಕಡಿಯೋ ಕೂಲಿಯವರ ಮೇಲೆ ಇರಲಿಲ್ಲ. ಸಹಜ ಕಾಡು ಬೋಳಿಸಿ ಬರೀ ತೇಗ ನೆಟ್ಟರೆ ತೋಟಕ್ಕೆ ಸೊಪ್ಪು ಎಲ್ಲಿಂದ ತರೋದು, ಹಳ್ಳದ ನೀರು ಬೇಸಿಗೆವರೆಗೆ ಹೇಗೆ ನಿಲ್ಲುತ್ತೆ ಅನ್ನೋದು ಅವರ ಪ್ರಶ್ನೆ. ನಿಮ್ಮ ಅಜ್ಜಿಯ ನೀರಿನ ಕಷ್ಟಕ್ಕೂ ಇದಕ್ಕೂ ನಂಟಿದೆ. ಪುಸ್ತಕದಲ್ಲಿ ಎರಡನ್ನೂ ಎದುರು ಬದುರು ಪುಟಕ್ಕೆ ಹಾಕಿ.

ರೇಡಿಯೋ ರಿಪೇರಿ, ಹಾಸನ:

ಬಂದೆ. ಶಿರಸಿ ತಂಗಿ ಹೇಳಿದ್ದು ಚೆನ್ನಾಗಿದೆ. ನೀರಿನ ಮಾತು ಬಂತಲ್ಲ, ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ ಇದ್ದರು, ಗುಂಡ್ಲುಪೇಟೆಯವರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ "ನೀರ್ ಸಾಬ್" ಅಂತಲೇ ಹೆಸರಾದರು. ಹಳ್ಳಿಯವರ ಕೈಗೆ ಅಧಿಕಾರ ಕೊಡುವ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಕಾಯ್ದೆಯ ಹಿಂದೆ ಇದ್ದವರೂ ಅವರೇ. ಅದರ ಹೆಸರಿನಲ್ಲೂ 1983 ಇದೆ. ಅಜ್ಜಿಯನ್ನು ಕೇಳು, ಹ್ಯಾಂಡ್ ಪಂಪ್ ಯಾವಾಗ ಬಂತು ಅಂತ.

ಫೆಬ್ರವರಿ. ಇದನ್ನು ಪುಸ್ತಕದಲ್ಲಿ ಹಾಕ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು. ನಾನಂತೂ ಹೇಳದೆ ಇರಲಾರೆ. 12ನೇ ತಾರೀಕು ಮಧ್ಯಪ್ರದೇಶದ ಭಿಂಡ್‌ನಲ್ಲಿ ಚಂಬಲ್ ಕಣಿವೆಯ ಡಕಾಯಿತೆ ಫೂಲನ್ ದೇವಿ ಶರಣಾದಳು. ಮುಖ್ಯಮಂತ್ರಿ ಅರ್ಜುನ್ ಸಿಂಗ್ ಎದುರು, ಸಾವಿರಾರು ಜನರ ಮುಂದೆ ಬಂದೂಕು ಕೆಳಗಿಟ್ಟಳು. ನಮ್ಮ ಗಲ್ಲಿಯ ಟೀ ಅಂಗಡಿಯಲ್ಲಿ ಒಂದು ವಾರ ಅದೇ ಮಾತು. ಎಷ್ಟು ಎತ್ತರ, ಏನು ಬಟ್ಟೆ, ಎಲ್ಲ. ಆ ವಾರ ಮುಗಿಯುವ ಮೊದಲೇ, 18ಕ್ಕೆ, ಅಸ್ಸಾಮಿನ ನೆಲ್ಲಿಯಲ್ಲಿ ಒಂದೇ ಬೆಳಿಗ್ಗೆ ಸರ್ಕಾರಿ ಲೆಕ್ಕದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು. ಬಂಗಾಳಿ ಮೂಲದ ಮುಸ್ಲಿಮರು, ಸತ್ತವರಲ್ಲಿ ಬಹಳಷ್ಟು ಹೆಂಗಸರು, ಮಕ್ಕಳು. ಮತದಾರರ ಪಟ್ಟಿಯಲ್ಲಿ ಹೊರಗಿನವರು ಇದ್ದಾರೆ ಅಂತ ಗಲಾಟೆ ನಡೀತಿದ್ದಾಗಲೇ ಅಲ್ಲಿ ಚುನಾವಣೆ ಮಾಡಿದ್ದರು. ಕೊನೆಗೂ ಯಾರಿಗೂ ಶಿಕ್ಷೆ ಆಗಲಿಲ್ಲ. ಆ ಸುದ್ದಿ ಬಂದಾಗ ಬೆಂಚಿನ ಮೇಲೆ ಯಾರ ಸೆಟ್ ಇತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗಲ್ಲ. ಫೂಲನ್ ಸುದ್ದಿ ಹೇಳಿದ ಸೆಟ್ ಮಾತ್ರ ನೆನಪಿದೆ, ಕಂದು ಬಣ್ಣದ ಬುಷ್. ಯಾಕೆ ಹೀಗೆ ಅಂತ ನಾಚಿಕೆ ಆಗುತ್ತೆ.

ಮಾರ್ಚ್‌ನಲ್ಲಿ ದೆಹಲಿಯಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ. ಕ್ಯೂಬಾದ ಕ್ಯಾಸ್ಟ್ರೋ ಅಧ್ಯಕ್ಷ ಸ್ಥಾನ ಒಪ್ಪಿಸುವಾಗ ಇಂದಿರಾ ಗಾಂಧಿಯವರನ್ನು ಎಲ್ಲರೆದುರೇ ತಬ್ಬಿಕೊಂಡುಬಿಟ್ಟ. ಪೇಪರಿನಲ್ಲಿ ಆ ಫೋಟೋ ನೋಡಿ ನಮ್ಮಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅದೇ ತಿಂಗಳು 20ಕ್ಕೆ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ಎನ್‌ಟಿಆರ್ ಬಂದರು, ಎಂಜಿಆರ್ ಬಂದರು, ಪಾಂಡಿಚೇರಿಯವರೂ ಬಂದರು. ರಾಜ್ಯಗಳ ಕೈಗೆ ದುಡ್ಡೂ ಇಲ್ಲ, ಅಧಿಕಾರವೂ ಇಲ್ಲ, ಎಲ್ಲ ದೆಹಲಿಯಲ್ಲಿ ಅಂತ ದೂರು. ನಾಲ್ಕೇ ದಿನಕ್ಕೆ ಇಂದಿರಾ ಗಾಂಧಿ ಸಂಸತ್ತಿನಲ್ಲಿ, ಕೇಂದ್ರ ಮತ್ತು ರಾಜ್ಯಗಳ ಸಂಬಂಧ ನೋಡೋಕೆ ಸರ್ಕಾರಿಯಾ ಆಯೋಗ ಮಾಡ್ತೀವಿ ಅಂತ ಹೇಳಿದರು. ನನ್ನ ಪ್ರಕಾರ ಆ ವರ್ಷದ ದೊಡ್ಡ ಸುದ್ದಿ ಇದೇ, ಕಪ್ ಅಲ್ಲ. ಕಪ್ಪಿನ ಫೋಟೋ ಇದೆ, ಇದರದು ಯಾರೂ ಇಟ್ಟುಕೊಳ್ಳಲಿಲ್ಲ.

ಆದರೂ ಕಪ್ಪಿನ ಕತೆ ಹೇಳದೆ ಹೋದರೆ ನನಗೇ ನಿದ್ದೆ ಬರಲ್ಲ.

ಜೂನ್ 25, ಶನಿವಾರ. ವೆಸ್ಟ್ ಇಂಡೀಸ್ ಮೇಲೆ ಫೈನಲ್. ಪೊಲೀಸ್ ಕ್ವಾರ್ಟರ್ಸ್‌ನ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಫಿಲಿಪ್ಸ್ ಸೆಟ್ ರೆಡಿಯಾಗಿತ್ತು. ಶಾರ್ಟ್‌ವೇವ್ ಅಷ್ಟು ಚೆನ್ನಾಗಿ ಹಿಡಿಯುವ ಸೆಟ್ ಅಂಗಡಿಯಲ್ಲಿ ಅದೊಂದೇ. ಬೆಳಿಗ್ಗೆ ಅವರು ಬಂದಾಗ "ಇನ್ನೊಂದು ಪಾರ್ಟ್ ಬೆಂಗಳೂರಿಂದ ಬರಬೇಕು ಸಾರ್, ಸೋಮವಾರ ಬನ್ನಿ" ಅಂತ ಸುಳ್ಳು ಹೇಳಿ ಕಳಿಸಿದೆ. ಹೊರಗೆ ತೆಂಗಿನ ಮರಕ್ಕೆ ಏರಿಯಲ್ ತಂತಿ ಕಟ್ಟಿ, ಬಾಗಿಲು ಅರ್ಧ ಎಳೆದುಕೊಂಡು ಏಳೆಂಟು ಜನ ಬಿಬಿಸಿ ಹಿಡಿದು ಕೂತೆವು.

ನಮ್ಮವರು 183ಕ್ಕೆ ಆಲ್ ಔಟ್. ಶ್ರೀಕಾಂತ್ 38, ಅದೇ ಹೆಚ್ಚು. ಅರ್ಧ ಜನ ಎದ್ದು ಹೋದರು. ಆಮೇಲೆ ರಿಚರ್ಡ್ಸ್ ಹೊಡೆಯೋಕೆ ಶುರು ಮಾಡಿದ. ಉಳಿದವರಲ್ಲೂ ಇಬ್ಬರು ಎದ್ದರು. ಆ ಹೊತ್ತಿಗೆ ಸರಿಯಾಗಿ ಶಾರ್ಟ್‌ವೇವ್ ಇಳಿಯಿತು. ಅದು ಹಾಗೇ, ಅಲೆ ಥರ ಬಂದು ಹೋಗುತ್ತೆ. ಜನ ಕೂಗುವ ಗದ್ದಲ ಮಾತ್ರ ಕೇಳ್ತಿದೆ, ಏನಾಯ್ತು ಗೊತ್ತಿಲ್ಲ. ನಾನು ಟ್ಯೂನಿಂಗ್ ಕೂದಲೆಳೆಯಷ್ಟು ತಿರುಗಿಸ್ತಾ ಇದ್ದೇನೆ, ಬಾಗಿಲ ಮೇಲೆ ಲಾಠಿ ತಟ್ಟಿತು. ನೈಟ್ ಬೀಟ್. ಅದೇ ಹೆಡ್ ಕಾನ್‌ಸ್ಟೇಬಲ್!

ಒಳಗೆ ಬಗ್ಗಿ ನೋಡಿದರು. ತಮ್ಮ ಸೆಟ್ ನೋಡಿದರು. ನನ್ನ ಮುಖ ನೋಡಿದರು. ಅಷ್ಟರಲ್ಲಿ ದನಿ ವಾಪಸ್ ಬಂತು: ಮದನ್ ಲಾಲ್ ಬೌಲಿಂಗ್‌ನಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡಿ ಕ್ಯಾಚ್ ಹಿಡಿದಿದ್ದಾನೆ, ರಿಚರ್ಡ್ಸ್ ಔಟ್. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಸ್ಟೂಲ್ ಮೇಲೆ ಕೂತರು. ನಡುರಾತ್ರಿ ಹೊತ್ತಿಗೆ ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. 43 ರನ್. ಅವರು ಎದ್ದು ಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು "ಪಾರ್ಟ್ ಬಂತು ಅನ್ಸುತ್ತೆ" ಅಂದರು. ರಿಪೇರಿ ದುಡ್ಡು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಕಿರ್ಮಾನಿ ಅಭಿಮಾನಿ:

ರೇಡಿಯೋ ಅಂಕಲ್, ಕತೆ ಸೂಪರ್. ಆದರೆ ಕರ್ನಾಟಕದ ಇಬ್ಬರನ್ನು ಬಿಟ್ಟುಬಿಟ್ಟಿರಿ, ಅದಕ್ಕೆ ಜಗಳ. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ, 18. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಔಟಾಗಿದ್ದೂ ಅವರಿಗೇ. ಜಿಂಬಾಬ್ವೆ ಮೇಲೆ ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ಹೋಗಿತ್ತಲ್ಲ, ಕಪಿಲ್ 175 ಹೊಡೆದ ಮ್ಯಾಚ್, ಅಲ್ಲಿ ಒಂಬತ್ತನೇ ವಿಕೆಟ್‌ಗೆ ಇನ್ನೊಂದು ತುದಿ ಹಿಡಿದು ನಿಂತವರು ಸೈಯದ್ ಕಿರ್ಮಾನಿ. 126 ರನ್ ಜೊತೆಯಾಟ, ಔಟೇ ಆಗಲಿಲ್ಲ. ಕಿರ್ಮಾನಿಯದು ಅದರಲ್ಲಿ 24. ಆ ಮ್ಯಾಚ್‌ನ ವಿಡಿಯೋನೇ ಇಲ್ಲ. ಇದ್ದಿದ್ದರೆ ಆ 24ನ್ನು ನಾನು ದಿನಾ ನೋಡ್ತಿದ್ದೆ.

ಕರಿಕೋಟು:

ವಕೀಲೆ ನಾನು, ಚಿಕ್ಕದಾಗಿ ಹೇಳ್ತೇನೆ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಸೇರಿತು, ಡಿಸೆಂಬರ್ 25ರಿಂದ ಜಾರಿ. ಗಂಡ, ಗಂಡನ ಮನೆಯವರು ಹಿಂಸೆ ಕೊಟ್ಟರೆ ಅದು ಮನೆ ಜಗಳ ಅಲ್ಲ, ಅಪರಾಧ ಅಂತ ಕಾನೂನು ಮೊದಲ ಸಲ ಬಿಡಿಸಿ ಹೇಳಿತು. ಪೊಲೀಸ್ ಕಸ್ಟಡಿಯಲ್ಲಿ ಆಗುವ ಅತ್ಯಾಚಾರದ ಬಗ್ಗೆ ಕಾನೂನು ಬಿಗಿಯಾಗಿದ್ದೂ ಅದೇ ವರ್ಷ. ಮಥುರಾ ಅನ್ನೋ ಆದಿವಾಸಿ ಹುಡುಗಿಯ ಮೇಲೆ ಠಾಣೆಯಲ್ಲಿ ಅತ್ಯಾಚಾರ ಮಾಡಿದ ಆರೋಪವಿದ್ದ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಟ್ಟಮೇಲೆ ದೇಶದ ಹೆಂಗಸರು ಬೀದಿಗೆ ಇಳಿದಿದ್ದರ ಫಲ ಅದು. ಹೆಣ್ಣುಮಗು ಹುಟ್ಟಿದ ವರ್ಷದ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಕೊಡಿ.

ಮೆಜೆಸ್ಟಿಕ್ ಹಳಬ:

ಬೆಂಗಳೂರಿನವರು ಆ ವರ್ಷದ ಸೆಪ್ಟೆಂಬರ್ 12 ಮರೆಯಲ್ಲ. ಕಪಾಲಿ ಟಾಕೀಸ್ ಹತ್ತಿರ ಕಟ್ಟುತ್ತಿದ್ದ ಬಹುಮಹಡಿ ಗಂಗಾರಾಂ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಜನ ಸತ್ತರು. ನಾನು ಆಗ ಹೈಸ್ಕೂಲು. ಎಷ್ಟೋ ದಿನ ಆ ರಸ್ತೆಯಲ್ಲಿ ಹೋಗುವಾಗ ಅಪ್ಪ ನನ್ನ ಕೈ ಹಿಡಿದು ಆಚೆ ಬದಿಗೆ ಎಳೆದುಕೊಳ್ಳುತ್ತಿದ್ದರು.

ಖುಷಿ ಸುದ್ದಿನೂ ಹೇಳ್ತೀನಿ. ಅಣ್ಣಾವ್ರಿಗೆ ಪದ್ಮಭೂಷಣ ಬಂದಿದ್ದು 1983. ಮಾಸ್ತಿಯವರದು 1983ರ ಜ್ಞಾನಪೀಠ, ಆಗ ಅವರಿಗೆ 90 ದಾಟಿತ್ತು.

ಅಕ್ಟೋಬರ್ ಮಗಳು:

ಅಯ್ಯೋ, ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಪ್ಪಿಕೋ ಮತ್ತು ಅಜ್ಜಿಯ ನೀರು ಎದುರು ಬದುರು ಪುಟ, ಅದು ಪಕ್ಕಾ. ನೆಲ್ಲಿಯನ್ನೂ ಹಾಕ್ತೇನೆ, ಅಮ್ಮ ಬೇಜಾರು ಮಾಡಿಕೊಳ್ಳಲ್ಲ.

ರೇಡಿಯೋ ಅಂಕಲ್, ಅಕ್ಟೋಬರ್ ಮೊದಲ ವಾರ ನಿಮ್ಮ ಬೆಂಚಿನ ಮೇಲೆ ಏನಿತ್ತು?

ರೇಡಿಯೋ ರಿಪೇರಿ, ಹಾಸನ:

ಇತ್ತು. ಒಂದು ಟೂ-ಇನ್-ಒನ್, ರೇಡಿಯೋ ಮತ್ತು ಕ್ಯಾಸೆಟ್ ಎರಡೂ ಇರೋ ಸೆಟ್. ಅದರ ಕತೆ ಆಗಸ್ಟ್‌ನಿಂದ ಹೇಳಬೇಕು.

ನಮ್ಮೂರ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್ ಇದೆ, ಉಪಗ್ರಹ ನಿಯಂತ್ರಣ ಕೇಂದ್ರ. ಅಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಆ ಟೂ-ಇನ್-ಒನ್ ಕೊಟ್ಟು ಹೋದ. ಕ್ಯಾಸೆಟ್ ಬೆಲ್ಟ್ ಸಡಿಲ, ಒಂದು ದಿನದ ಕೆಲಸ. ಅವನು ಬರಲೇ ಇಲ್ಲ. ಆಗಸ್ಟ್ 30ಕ್ಕೆ ಅಮೆರಿಕದ ಚಾಲೆಂಜರ್ ಶಟಲ್‌ನಲ್ಲಿ ಇನ್ಸಾಟ್-1ಬಿ ಹೋಯಿತು. ಹಿಂದಿನ ವರ್ಷದ 1ಎ ಐದೇ ತಿಂಗಳಿಗೆ ಕೈಕೊಟ್ಟಿತ್ತು. ಇದೂ ಹೋದರೆ ಏನು ಗತಿ ಅಂತ ಎಲ್ಲರಿಗೂ ಭಯ. ಮೇಲೆ ಹೋದಮೇಲೆ ಅದರ ಸೋಲಾರ್ ಪ್ಯಾನೆಲ್ ಬಿಚ್ಚಿಕೊಳ್ಳಲಿಲ್ಲ! ಎಷ್ಟೋ ದಿನ ಒದ್ದಾಡಿ ಬಿಚ್ಚಿಸಿದರು. ಹುಡುಗ ಮುಖ ತೋರಿಸಿದ್ದು ಅಕ್ಟೋಬರ್‌ನಲ್ಲಿ, ಗಡ್ಡ ಬಿಟ್ಟುಕೊಂಡು. "ಬಿಚ್ಕೊಂತು ಅಣ್ಣ" ಅಂದ. ನಾನು ಬೆಲ್ಟ್ ಅಂದುಕೊಂಡೆ.

ಆ ಉಪಗ್ರಹದಿಂದಲೇ ಮುಂದಿನ ವರ್ಷ ಊರೂರಿಗೆ ಟಿವಿ ಟ್ರಾನ್ಸ್‌ಮಿಟರ್ ಬಂದು ನನ್ನ ರೇಡಿಯೋ ಅಂಗಡಿಗೆ ಕಲ್ಲು ಬಿತ್ತು ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ. ಅವನಿಗೆ ಟೀ ಕೊಡಿಸಿದೆ.

ಟೀ ಕುಡೀತಾ ಅದೇ ಟೂ-ಇನ್-ಒನ್‌ನಲ್ಲಿ ಕೇಳಿದ್ದು ಪಂಜಾಬ್ ಸುದ್ದಿ. ಧಿಲ್ವಾನ್ ಹತ್ತಿರ ಉಗ್ರರು ಬಸ್ ನಿಲ್ಲಿಸಿ ಹಿಂದೂ ಪ್ರಯಾಣಿಕರನ್ನು ಇಳಿಸಿ ಗುಂಡು ಹಾಕಿದ್ದರು. ಅಕ್ಟೋಬರ್ 6ಕ್ಕೆ ಅಲ್ಲಿ ರಾಷ್ಟ್ರಪತಿ ಆಡಳಿತ. ದರ್ಬಾರಾ ಸಿಂಗ್ ಸರ್ಕಾರ ಕಾಂಗ್ರೆಸ್‌ನದೇ, ಇಂದಿರಾ ಗಾಂಧಿ ತಮ್ಮದೇ ಸರ್ಕಾರವನ್ನು ಇಳಿಸಬೇಕಾಯ್ತು. ನಿಮ್ಮಮ್ಮ ಹುಟ್ಟಿದ ವಾರದ ಸುದ್ದಿ ಅದು. ಸಿಹಿಯಾದದ್ದು ಏನಾದರೂ ಹೇಳೋಣ ಅಂದರೆ, ಅದೇ ತಿಂಗಳು ಸುಬ್ರಹ್ಮಣ್ಯನ್ ಚಂದ್ರಶೇಖರ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು. ಅವರು ಆಗ ಅಮೆರಿಕದ ಪ್ರಜೆ. ಆದರೂ ನಮ್ಮ ಸಿ.ವಿ. ರಾಮನ್ ಅವರ ಅಣ್ಣನ ಮಗ ತಾನೇ, ಬಿಟ್ಟುಕೊಡೋಕಾಗುತ್ತಾ? ತಿಂಗಳ ಕೊನೆಗೆ ದೆಹಲಿಯಲ್ಲಿ ಗಾವಸ್ಕರ್ 29ನೇ ಶತಕ ಹೊಡೆದು ಬ್ರಾಡ್‌ಮನ್ ಸಮಕ್ಕೆ ಬಂದರು. ಡಿಸೆಂಬರ್ 14ಕ್ಕೆ ಮಾರುತಿ 800 ಮೊದಲ ಕಾರಿನ ಕೀಲಿ ಕೊಟ್ಟರು, ಬೆಲೆ 47,500 ರೂಪಾಯಿ. ನಮಗೆ ಅದು ಇನ್ಯಾವುದೋ ದೇಶದ ಸುದ್ದಿ.

ನಿನ್ನ ಅಜ್ಜಿ ಮನೆಯಲ್ಲಿ ರೇಡಿಯೋ ಇತ್ತಾ? ಕೇಳಿ ಹೇಳು.

ಅಕ್ಟೋಬರ್ ಮಗಳು:

ಕೇಳಿದೆ. ಇತ್ತಂತೆ, ಈಗಲೂ ಅಟ್ಟದ ಮೇಲಿದೆ! ಇಳಿಸಿದೆವು. ಮರದ ಡಬ್ಬಿ, ಮುಂದೆ ಬಟ್ಟೆ, ಹೆಸರು ಅಳಿಸಿಹೋಗಿದೆ. ಒಂದು ಗುಂಡಿ ತಿರುಗಲ್ಲ. ಒಳಗೆ ಸೆಲ್ ಹಾಗೇ ಇದೆ. ಜೊತೆಗೆ ಒಂದು ಲೈಸೆನ್ಸ್ ಪುಸ್ತಕ ಸಿಕ್ಕಿತು, ಪೋಸ್ಟ್ ಆಫೀಸ್ ಸೀಲ್ ಇರೋದು. ರೇಡಿಯೋ ಕೇಳೋಕೂ ಲೈಸೆನ್ಸ್ ಬೇಕಿತ್ತಾ ಅಂತ ನಾನು ಬಾಯಿ ಬಿಟ್ಟುಕೊಂಡು ನೋಡ್ತಿದ್ದೆ. ಇದನ್ನೇ ಕೊಟ್ಟರೆ ಹೇಗೆ, ಪುಸ್ತಕದ ಜೊತೆಗೆ?

ರೇಡಿಯೋ ರಿಪೇರಿ, ಹಾಸನ:

ಕೊಡು. ಲೈಸೆನ್ಸ್ ಪುಸ್ತಕ ಮಾತ್ರ ಜೋಪಾನ, ಅದು ಈಗ ಸಿಗಲ್ಲ.

ಮೊದಲು ಸೆಲ್ ತೆಗೆ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ತೆಗೆ. ಸೋರಿ ಹಸಿರು ಬಂದಿರುತ್ತೆ, ಅದನ್ನು ಮುಟ್ಟಬೇಡ. ತಿರುಗದ ಗುಂಡಿಯನ್ನು ಜೋರು ಮಾಡಿ ತಿರುಗಿಸಬೇಡ, ಅದು ಬ್ಯಾಂಡ್ ಸ್ವಿಚ್ ಇರಬೇಕು, ಮುರಿದರೆ ನನ್ನಿಂದಲೂ ಆಗಲ್ಲ. ಕರೆಂಟಿಗೆ ಅಂತೂ ಹಾಕಲೇಬೇಡ. ಹಿಂದಿನ ಮುಚ್ಚಳ ತೆಗೆದು ಒಳಗಿನದು ಕಾಣುವ ಹಾಗೆ ಹಗಲು ಬೆಳಕಿನಲ್ಲಿ ಎರಡು ಫೋಟೋ ತೆಗೆದು ಹಾಕು, ಏನು ಮಾಡಬಹುದು ನೋಡೋಣ. ಇಲಿ ಗೂಡು ಕಟ್ಟಿದ್ದರೆ ಅದನ್ನೂ ಹೇಳು, ಮುಚ್ಚಿಡಬೇಡ.